ಮರಳಿ ಹೋದವನ ಕೊಲ್ಲಿ

ಅಲಿಕ್ನಾ ದ್ವೀಪವನ್ನು ನೋಡಿ ಮುಗಿಸಲು ಎರಡು ದಿನ ಧಾರಾಳವಾಗಿ ಸಾಕು. ಮೊದಲ ದಿನ ಬಂದರಿನಲ್ಲಿ ಇಳಿದು, ಸ್ಪಂಜು ಮಾರುವ ಅಂಗಡಿಗಳಲ್ಲಿ ಸುತ್ತಾಡಿ, ಹಗ್ಗಕ್ಕೆ ನೇತುಹಾಕಿ ಒಣಗಿಸಿದ ಆಕ್ಟೋಪಸ್ಸನ್ನು ಕೆಂಡದ ಮೇಲೆ ಸುಟ್ಟು ಕೊಡುವ ಹೋಟೆಲಿನಲ್ಲಿ ಊಟ ಮುಗಿಸಿ, ಸಂಜೆ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಸಂತ ನಿಕೊಲಾಸನ ಗುಡಿಯ ಬಳಿ ಸೂರ್ಯಾಸ್ತ ನೋಡಬಹುದು. ಮಂಡಿನೋವಿನವರಿಗೆ ಕತ್ತೆಗಳಿವೆ, ಅವು ಅರ್ಧ ದಾರಿಯಲ್ಲಿ ನಿಂತುಬಿಟ್ಟರೆ ಯಾರ ಮಾತನ್ನೂ ಕೇಳುವುದಿಲ್ಲ. ಎರಡನೆಯ ದಿನ ದೋಣಿವಿಹಾರ. ಮೊದಲ ಕೊಲ್ಲಿಯಲ್ಲಿ ಈಜು, ಎರಡನೆಯದರಲ್ಲಿ ನೀಲಿ ಬೆಳಕಿನ ಗುಹೆ. ಮೂರನೆಯದು ಮರಳಿ ಹೋದವನ ಕೊಲ್ಲಿ. ಈ ಹೆಸರು ಹೇಗೆ ಬಂತೆಂದು ಕೇಳಿದರೆ ದೋಣಿಯವರು ಕಡಲ್ಗಳ್ಳರು, ನಿಧಿ ಎಂದು ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ನಂಬಬೇಡಿ. ನಾನು ಈ ಊರಿನ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿದವನು. ನನ್ನ ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ದ್ವೀಪದ ಗಂಡಸರೆಲ್ಲ ಕಡಲತಳದ ಸ್ಪಂಜು ಕಿತ್ತು ತರಲು ಮುಳುಗುತ್ತಿದ್ದ ಕಾಲದಲ್ಲಿ, ಈ ಕೊಲ್ಲಿಗೆ ಹೆಸರೇ ಇರಲಿಲ್ಲ ಎನ್ನುತ್ತಾರೆ. ಈಸ್ಟರ್ ಹಬ್ಬ ಮುಗಿದೊಡನೆ ದೋಣಿಗಳು ಆಫ್ರಿಕದ ತೀರಕ್ಕೆ ಹೊರಡುತ್ತಿದ್ದವು, ಚಳಿ ಶುರುವಾಗುವ ಮುನ್ನ ಹಿಂದಿರುಗುತ್ತಿದ್ದವು. ಹೋದವರೆಲ್ಲ ಬರುತ್ತಿರಲಿಲ್ಲ. ಅದಕ್ಕಾಗಿಯೇ ಇಲ್ಲಿ ಒಂದು ಕಟ್ಟಳೆ ಇತ್ತು. ಹಬ್ಬದ ವಾರದಲ್ಲಿ ಪ್ರತಿ ಮನೆಗೂ ಸುಣ್ಣ ಬಳಿಯಬೇಕು. ಆದರೆ ಕಡಲು ನುಂಗಿದವನ ಮನೆಗೆ ಸುಣ್ಣ ಮುಟ್ಟಿಸುವಂತಿಲ್ಲ. ವಿಧವೆ ಮತ್ತೆ ಮದುವೆಯಾದರೆ, ಹೊಸ ಗಂಡ ಮೊಟ್ಟಮೊದಲು ತನ್ನ ಕೈಯಾರೆ ಆ ಗೋಡೆಗಳಿಗೆ ಸುಣ್ಣ ಬಳಿಯಬೇಕು. ಹೀಗಾಗಿ ಕಡಲಿನಿಂದ ಬರುವವನಿಗೆ ದಡ ಸೇರುವ ಮೊದಲೇ ಊರಿನ ಸುದ್ದಿಯೆಲ್ಲ ತಿಳಿಯುತ್ತಿತ್ತು. ಯಾವ ಮನೆಯಲ್ಲಿ ಸಾವು, ಯಾವ ಮನೆಯಲ್ಲಿ ಮರುಮದುವೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ಕೊಲ್ಲಿಯ ಮೇಲಿನ ಇಳಿಜಾರಿನಲ್ಲಿ ಥೆಮೆಲಿಸ್ ಎಂಬ ಮುಳುಗುಗಾರನೂ ಅವನ ಹೆಂಡತಿ ಸೆವಸ್ತಿಯೂ ಇದ್ದರು. ಮದುವೆಯಾದ ಎರಡನೆಯ ವರ್ಷ ಥೆಮೆಲಿಸ್ ಹೋದ ದೋಣಿ ಹಿಂದಿರುಗಲಿಲ್ಲ. ಆಫ್ರಿಕದ ಬಂಡೆಗಳ ಮೇಲೆ ಅದರ ಹಲಗೆಗಳನ್ನು ಕಂಡವರಿದ್ದರು. ಅದರಲ್ಲಿದ್ದವರ ಪೈಕಿ ಹನ್ನೊಂದು ಮನೆಯವರು ಶೋಕದ ಕಪ್ಪು ಉಟ್ಟರು. ಸೆವಸ್ತಿ ಉಡಲಿಲ್ಲ. ಹಬ್ಬದ ವಾರ ಬಂದಾಗ ಸುಣ್ಣ ಕಲಸಿ, ಲಂಗ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಅತ್ತೆ ಅಂಗಳದಲ್ಲಿ ನಿಂತು, "ಇಳಿಯೇ ತಾಯಿ, ಊರು ಏನಂದೀತು? ನನ್ನ ಮಗನಿಗಾಗಿ ಅಳೋದಕ್ಕೂ ಬಿಡೋದಿಲ್ಲವಾ ನೀನು?" ಎಂದು ಬೇಡಿಕೊಂಡಳಂತೆ. "ನೀವು ಅಳಿ ಅತ್ತೆ, ಬೇಡ ಅನ್ನಲಿಲ್ಲ. ಅವರು ಸತ್ತದ್ದನ್ನ ನಾನು ನೋಡಿಲ್ಲ. ಸುಣ್ಣ ನಿಲ್ಲಿಸಿದರೆ ನಾನೇ ಅವರನ್ನ ಸಾಯಿಸಿದ ಹಾಗೆ," ಎಂದಳು ಸೆವಸ್ತಿ. ಪಾದ್ರಿ ಬಂದು ಹೇಳಿದರೂ ಕೇಳಲಿಲ್ಲ. ಹೀಗೆ ಏಳು ಹಬ್ಬ ಕಳೆದವು, ಏಳು ಸಲವೂ ಅವಳೇ ಬಳಿದಳು. ಆ ಹಠವನ್ನು ನಾನು ಪ್ರೀತಿ ಎಂದೇ ಕರೆಯುತ್ತೇನೆ. ಊರಿನವರು ಹುಚ್ಚು ಎಂದರು.

ಏಳನೆಯ ಹಬ್ಬದ ಗುರುವಾರ ಬೆಳಿಗ್ಗೆ ಹೊರಗಿನ ಉಪ್ಪಿನ ದೋಣಿಯೊಂದು ಕೊಲ್ಲಿಯ ಬಾಯಿಯವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ತಿರುಗಿ ಹೋಯಿತು. ಹೊಸ್ತಿಲ ಮೇಲೆ ಕೂತು ಕೈಗಂಟಿದ ಸುಣ್ಣ ತೊಳೆಯುತ್ತಿದ್ದ ಸೆವಸ್ತಿ ಅದನ್ನು ನೋಡಿದಳು. ದಾರಿ ತಪ್ಪಿ ಬಂದಿರಬೇಕು ಎಂದುಕೊಂಡು ಒಳಗೆ ಹೋದಳು.

ಮರುವರ್ಷ, ಹಬ್ಬಕ್ಕೆ ಮುನ್ನ, ಅದೇ ದೋಣಿಯ ಯಜಮಾನ ಉಪ್ಪು ಇಳಿಸಲು ಬಂದರಿಗೆ ಬಂದವನು ಕಾಫಿ ಅಂಗಡಿಯಲ್ಲಿ ಕೂತು ಒಂದು ವಿಚಿತ್ರ ಹೇಳಿದ. ಆಫ್ರಿಕದಲ್ಲಿ ಯಾವನೋ ದೊರೆಯ ಸೆರೆಯಲ್ಲಿ ಏಳು ವರ್ಷ ಕಲ್ಲು ಒಡೆದು ಬಿಡುಗಡೆಯಾದ ಈ ದ್ವೀಪದವನೊಬ್ಬನನ್ನು ತಾನು ಹಿಂದಿನ ಹಬ್ಬದಲ್ಲಿ ಕರೆತಂದಿದ್ದೆನೆಂದ. ದಾರಿಯುದ್ದಕ್ಕೂ ಅವನಿಗೆ ಹೆಂಡತಿಯ ಹೆಸರೊಂದೇ ಮಾತು. ಆದರೆ ಇಳಿಜಾರಿನ ಮೇಲೆ ಹೊಸ ಸುಣ್ಣ ಬಳಿದ ಅವನ ಮನೆ ಕಂಡದ್ದೇ ತಡ, ಅವನು ದೋಣಿ ನಿಲ್ಲಿಸಲು ಹೇಳಿದ ಎಂದ. "ಇಳಿದು ಒಂದು ಮಾತು ಕೇಳಿ ಬಾರಪ್ಪ ಅಂದೆ. 'ಏನಂತ ಕೇಳಲಿ? ಯಾರೋ ಒಳ್ಳೆಯವನು ಸುಣ್ಣ ಬಳಿದಿದ್ದಾನೆ. ನಾನು ಬಾಗಿಲಲ್ಲಿ ನಿಂತರೆ ಅವಳ ಬಾಳು ಎರಡನೆಯ ಸಲ ಹಾಳು. ತಿರುಗಿಸಿ ಯಜಮಾನರೇ' ಅಂದ. ಸ್ಮಿರ್ನಾ ಬಂದರಿನಲ್ಲಿ ಇಳಿಸಿದೆ. ಬೇರೆ ಹಡಗು ಹತ್ತಿದ."

ಅವನು ಥೆಮೆಲಿಸ್ ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಗೊತ್ತಾಯಿತು. ಇನ್ನೂರು ಹೆಜ್ಜೆ ಹತ್ತಿ ಬಾಗಿಲು ತಟ್ಟಿದ್ದರೆ ಸಾಕಾಗಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಅವನ ಮೇಲೆ ಸಿಟ್ಟು ಬರುತ್ತದೆ. ಆದರೆ ಇಲ್ಲಿ ಹುಟ್ಟಿದ ಯಾವ ಗಂಡಸೂ ಆ ಗೋಡೆಯನ್ನು ಬೇರೆ ರೀತಿ ಓದುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಸುದ್ದಿ ಕೇಳಿದ ಸೆವಸ್ತಿ ಅಳಲಿಲ್ಲ ಎನ್ನುತ್ತಾರೆ. ಮೀನು ಸೀಳುವ ಚೂರಿ ತೆಗೆದುಕೊಂಡು ಹೊರಗೆ ಬಂದು ಗೋಡೆ ಕೆರೆಯಲು ಶುರುಮಾಡಿದಳು. ಪದರದ ಮೇಲೆ ಪದರ, ಏಳು ವರ್ಷದ ಸುಣ್ಣವನ್ನು ಕಲ್ಲು ಕಾಣುವವರೆಗೆ ಒಂಬತ್ತು ದಿನ ಕೆರೆದಳು. ಇನ್ನೊಮ್ಮೆ ಅವನು ಈ ದಾರಿಯಲ್ಲಿ ಹಾದರೆ ತಾನು ಒಂಟಿಯಾಗಿದ್ದೇನೆಂದು ಕಾಣಲಿ ಎಂಬುದಷ್ಟೇ ಅವಳ ಆಸೆ. ಸ್ಮಿರ್ನಾಕ್ಕೆ ಹೋಗುವ ಪ್ರತಿ ದೋಣಿಯವರಲ್ಲೂ ಹೇಳಿ ಕಳಿಸಿದಳು. ಯಾರಿಗೂ ಅವನು ಸಿಗಲಿಲ್ಲ. ಇನ್ನೂ ಮೂವತ್ತೊಂದು ವರ್ಷ ಅವಳು ಆ ಮನೆಯಲ್ಲೇ ಬದುಕಿದಳು. ಮುಪ್ಪಿನಲ್ಲಿ ಒಮ್ಮೆ ಪಾದ್ರಿಯ ಬಳಿ ಹೋಗಿ, "ಸಾಕಾಯಿತು ತಂದೆ, ಅವರ ಹೆಸರಿನಲ್ಲಿ ಸತ್ತವರ ಪ್ರಾರ್ಥನೆ ಮಾಡಿಸಿ," ಎಂದಳಂತೆ. ಪಾದ್ರಿ ತಲೆತಗ್ಗಿಸಿ, "ಸತ್ತನೆಂದು ಯಾರು ಹೇಳಿದರು ಮಗಳೇ?" ಎಂದರು. ಏಳು ವರ್ಷ ಅಳು ಎಂದು ಪೀಡಿಸಿದ್ದ ಊರು ಕೊನೆಗೆ ಅವಳಿಗೆ ಅಳುವ ಹಕ್ಕನ್ನೂ ಕೊಡಲಿಲ್ಲ. ಕಪ್ಪು ಉಡದೆಯೇ ಸತ್ತಳು.

ಈಗ ದೋಣಿಯಲ್ಲಿ ಬರುವ ಪ್ರವಾಸಿಗಳು ಕೊಲ್ಲಿಯ ಬಾಯಿಯಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಸಾಲಾಗಿ ನಿಂತ ಬಿಳಿ ಮನೆಗಳ ನಡುವೆ ಒಂದು ಮಾತ್ರ ಬರಿಗಲ್ಲಿನದು. ಚಿತ್ರ ಕೆಡುತ್ತದೆ, ಅದಕ್ಕೂ ಸುಣ್ಣ ಬಳಿಸಬಾರದೇ ಎಂದು ಕೆಲವರು ಕೇಳುವುದುಂಟು. ಊರಿನಲ್ಲಿ ಯಾರೂ ಬಳಿಯುವುದಿಲ್ಲ. ಬಿಸಿಲಿರುವ ದಿನ ಬಹು ದೂರದಿಂದಲೇ ಆ ಮನೆ ಸ್ಪಷ್ಟವಾಗಿ ಕಾಣುತ್ತದೆ. ಥೆಮೆಲಿಸ್ ಬಂದ ದಿನ ಅದೂ ಬೆಳ್ಳಗಿತ್ತು.