ನಲವತ್ತು ಹೆಜ್ಜೆ ಕಡಿಮೆ

ಈ ಕಥೆಯಲ್ಲಿ ಊರು ನಿಜ, ಗುಡ್ಡ ನಿಜ. ಮಿಕ್ಕಿದ್ದಕ್ಕೆ ನನ್ನನ್ನು ಹಿಡಿದು ಕೇಳಬೇಡಿ.

ಊರು ಕಾರ್ಥೇಜ್. ಉತ್ತರ ಆಫ್ರಿಕಾದಲ್ಲಿ, ಟ್ಯೂನಿಸ್ ಪಟ್ಟಣದ ಪಕ್ಕ, ಸಮುದ್ರಕ್ಕೆ ಮೂಗು ಚಾಚಿಕೊಂಡು ಕೂತಿರುವ ಹಾಳೂರು. ವಯಸ್ಸು ಮೂರು ಸಾವಿರ ವರ್ಷಕ್ಕೆ ತುಸು ಕಡಿಮೆ. ಕಟ್ಟಿದವರು ಇಟ್ಟ ಹೆಸರಿಗೆ ಅವರ ಭಾಷೆಯಲ್ಲಿ ‘ಹೊಸ ಊರು’ ಎಂದರ್ಥ. ನಮ್ಮಲ್ಲಾಗಿದ್ದರೆ ಹೊಸೂರು ಎಂದಾಗಿ, ಎಕ್ಸ್‌ಪ್ರೆಸ್ ಬಸ್ಸೂ ನಿಲ್ಲುತ್ತಿರಲಿಲ್ಲ.

ಅಲ್ಲಿನ ಬಿರ್ಸಾ ಗುಡ್ಡದ ನೆತ್ತಿಯಲ್ಲಿ ಮನ್ನೂಬಿ ಎಂಬ ವೃದ್ಧರು ಒಂದು ಎತ್ತಿನ ಚರ್ಮ ಹಾಸಿಕೊಂಡು ಕೂರುತ್ತಿದ್ದರು. ಬಂದವರಿಗೆ ಊರು ತೋರಿಸುವುದು ಅವರ ಕಸುಬು. ಆ ಕಸುಬಿಗೆ ಅವರೇ ಗುರು. ಅವರು ‘ಹೋಗು’ ಅನ್ನುವ ತನಕ ಶಿಷ್ಯನಾದವನು ಒಬ್ಬನೇ ಜನರನ್ನು ಕರೆದೊಯ್ಯುವಂತಿರಲಿಲ್ಲ.

ಶಿಷ್ಯನ ಹೆಸರು ಲಮೀನ್. ವಯಸ್ಸು ನಲವತ್ತು ದಾಟಿತ್ತು. ಕುದುರೆಗೆ ಜೀನು ಹೊಲಿಯುವ ಒಳ್ಳೆಯ ಕೆಲಸ ಬಿಟ್ಟು ಬಂದು ಮೂರು ವರ್ಷ. ‘ಹೋಗು’ ಬಂದಿರಲಿಲ್ಲ. ರಂಜಾನ್ ಒಳಗೆ ಬಾರದಿದ್ದರೆ ಜೀನಿನಂಗಡಿಗೇ ವಾಪಸ್ ಎಂದು ಹೆಂಡತಿ ಖಂಡಿತವಾಗಿ ಹೇಳಿಬಿಟ್ಟಿದ್ದಳು.

“ಕಲ್ಲು ತೋರಿಸೋದಕ್ಕೂ ಪರೀಕ್ಷೆಯೇನ್ರೀ?” ಎಂದು ಬೇರೆ ಕೇಳಿದ್ದಳು.

ಲಮೀನ್ ಗುರುಗಳ ಮುಂದೆ ಹೋಗಿ ನಿಂತ.

“ಸೀದಿ, ನನಗೆ ಗೊತ್ತಿಲ್ಲದ್ದು ಏನಿದೆ ಹೇಳಿ.” ಸೀದಿ ಅಂದರೆ ಆ ಕಡೆ ಸ್ವಾಮಿ ಅಂದ ಹಾಗೆ. “ದುಂಡು ಬಂದರಿನಲ್ಲಿ ಇನ್ನೂರ ಇಪ್ಪತ್ತು ಯುದ್ಧದ ಹಡಗು. ಝಗ್ವಾನ್ ಬೆಟ್ಟದಿಂದ ಬರುವ ನೀರಿನ ಕಾಲುವೆ ಎಂಬತ್ತು ಮೈಲಿ. ರೋಮನ್ನರ ಸ್ನಾನದ ಮನೆ ಸಮುದ್ರಕ್ಕೆ ಅಂಟಿಕೊಂಡೇ ಇದೆ. ಎಲ್ಲಾ ಬಾಯಿಪಾಠ.”

“ಹೌದು. ನಿನ್ನೆ ಬಂದಿದ್ದ ಉಪ್ಪಿನ ವ್ಯಾಪಾರಿ ಎಲ್ಲಿ?”

“ಅರ್ಧಕ್ಕೇ ಹೊರಟುಹೋದ. ರೋಮನ್ನರು ಊರು ಸುಟ್ಟು ಉಪ್ಪು ಬಿತ್ತಿದರಂತೆ ಅಂತ ಖುಷಿಯಾಗಿ ಶುರು ಮಾಡಿದ. ಯಾವ ಹಳೇ ಪುಸ್ತಕದಲ್ಲೂ ಅದಿಲ್ಲ, ಸುಮ್ಮನಿರಿ ಅಂದೆ.”

“ಮೊನ್ನೆಯ ಮದುಮಕ್ಕಳು?”

“ರಾಣಿ ಕಥೆ ಕೇಳಿದರು. ಸುಳ್ಳು ಅಂದೆ.”

ರಾಣಿ ಕಥೆ ಹೀಗೆ. ಟೈರ್ ಎಂಬ ಊರಿನಿಂದ (ನಗಬೇಡಿ, ಊರಿನ ಹೆಸರೇ ಅದು) ಓಡಿಬಂದ ರಾಣಿಯೊಬ್ಬಳು ಇಲ್ಲಿಯ ಅರಸನ ಹತ್ತಿರ ಒಂದು ಎತ್ತಿನ ಚರ್ಮ ಹಿಡಿಸುವಷ್ಟು ಜಾಗ ಕೇಳಿದಳಂತೆ. ಅವನು ನಕ್ಕು ಒಪ್ಪಿದನಂತೆ. ಅವಳು ಚರ್ಮವನ್ನು ದಾರದ ಹಾಗೆ ಕತ್ತರಿಸಿ ಇಡೀ ಗುಡ್ಡವನ್ನೇ ಸುತ್ತಿಬಿಟ್ಟಳಂತೆ. ಗ್ರೀಕರ ಮಾತಿನಲ್ಲಿ ಬಿರ್ಸಾ ಅಂದರೆ ಚರ್ಮ.

“ಅದು ಕಿವಿಯ ತಪ್ಪು, ಸೀದಿ. ಊರವರು ಅಂದದ್ದು ಕೋಟೆ ಅನ್ನೋ ಅರ್ಥದ ಯಾವುದೋ ಮಾತು. ಗ್ರೀಕರಿಗೆ ಚರ್ಮ ಅಂತ ಕೇಳಿಸಿತು. ಚರ್ಮಕ್ಕೆ ಒಂದು ಎತ್ತು ಬೇಕಾಯಿತು, ಎತ್ತಿಗೆ ಒಬ್ಬಳು ರಾಣಿ ಬೇಕಾದಳು.”

“ಭಲೇ. ಅಳೆದು ನೋಡಿದ್ದೀಯಾ?”

ಗುರುಗಳು ತಮಾಷೆಗೆ ಅಂದರು. ಜೀನು ಹೊಲಿಯುವವನ ಮುಂದೆ ಚರ್ಮದ ತಮಾಷೆ ಮಾಡಬಾರದು.

ಮುಂದಿನ ವಾರ ಗುರುಗಳು ಮಗಳ ಮನೆಗೆ ಹೋಗಿ ಐದು ದಿನ ಇದ್ದು ಬಂದರು. ಕೂರಲು ನೋಡಿದರೆ ಬರೀ ನೆಲ.

“ನನ್ನ ಚರ್ಮ ಎಲ್ಲೋ?”

“ನಿಮ್ಮ ಮೈಮೇಲೇ ಇದೆಯಲ್ಲ, ಸೀದಿ.”

“ಎತ್ತಿನದು!”

ಲಮೀನ್ ಕೈ ತೋರಿಸಿದ. ಗುಡ್ಡದ ನೆತ್ತಿಯ ಸುತ್ತ ಗೂಟಗಳು. ಗೂಟದಿಂದ ಗೂಟಕ್ಕೆ ಗೋಧಿ ಕಾಳಿನಗಲದ ಚರ್ಮದ ದಾರ.

“ಅಂಚಿನಿಂದ ಸುರುಳಿಯಾಗಿ ಕತ್ತರಿಸಿಕೊಂಡು ಬಂದೆ. ಎಲ್ಲೂ ತುಂಡಾಗಿಲ್ಲ, ನೋಡಿ.”

“ಸುತ್ತು ಬಂತಾ?”

“ಇಲ್ಲ. ದಾರಿಯ ಕಡೆ ನಲವತ್ತು ಹೆಜ್ಜೆ ಕಡಿಮೆ. ಕಥೆ ಸುಳ್ಳು ಅಂತ ರುಜುವಾತಾಯಿತು.”

“ನಾನೆಲ್ಲಿ ಕೂರಲಿ?”

ಅದನ್ನು ಅವನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಆ ದಾರಿಯಿಂದಲೇ ಒಂದು ಸಂಸಾರ ಹತ್ತಿ ಬಂತು. ಮುಂದೆ ಏದುಸಿರು ಬಿಡುತ್ತ ದಪ್ಪನೆಯ ಹೆಂಗಸು, ಸ್ಫಾಕ್ಸ್ ಊರಿನ ಎಣ್ಣೆಗಾಣದ ಒಡತಿ ಮಬ್ರೂಕಾ. ಹಿಂದೆ ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ.

“ಇದೇನಪ್ಪಾ, ಬಟ್ಟೆ ಒಣಹಾಕೋ ಹಗ್ಗವಾ? ಎಷ್ಟು ಜನರ ಬಟ್ಟೆ?”

ಲಮೀನ್ ಗುರುಗಳ ಮುಖ ನೋಡಿದ. ಗುರುಗಳು ಆಕಾಶ ನೋಡಿದರು. ಕದ್ದ ಚರ್ಮ ಕಣ್ಣೆದುರೇ ಇರುವಾಗ ಪಾಂಡಿತ್ಯ ಹೊರಡುವುದಿಲ್ಲ.

“ಇಲ್ಲಿ ಒಬ್ಬಳು ರಾಣಿ ಇದ್ದಳಂತೆ, ಅಮ್ಮ…”

ಮೂರು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ‘ಅಂತೆ’ ಅದು.

ಮಬ್ರೂಕಾ ಪೂರ್ತಿ ಕೇಳಿ ತೊಡೆ ತಟ್ಟಿಕೊಂಡಳು. “ಭೇಷ್! ನನ್ನ ಗಂಡ ತೀರಿಕೊಂಡಾಗ ಭಾವಂದಿರು ನನಗೂ ಒಂದು ಚರ್ಮದಷ್ಟೇ ಜಾಗ ಬಿಟ್ಟರು. ಈ ಬುದ್ಧಿ ಹೊಳೀಲಿಲ್ಲ ನೋಡು.”

ದಾರ ಹಿಡಿದು ನಡೆದೇಬಿಟ್ಟಳು. ಲಮೀನ್ ಹಿಂದೆ ಓಡಿದ. ಕೆಳಗೆ ಬಂದರು ಕಂಡಿತು, ಕೇಳಿದಳು, ಹೇಳಿದ. ಕೊಲ್ಲಿಯಾಚೆ ಎರಡು ಕೊಂಬಿನ ಬೆಟ್ಟ ಕಂಡಿತು, ಕೇಳಿದಳು, ಹೇಳಿದ. ಹಿಂದಿನ ಸರೋವರದ ಮೀನಿನ ರುಚಿ ಹೇಗೆ ಎಂದಳು. ಅದು ಅವನ ಬಾಯಿಪಾಠದಲ್ಲಿರಲಿಲ್ಲ, ತಿಂದ ನೆನಪಿನಿಂದ ಹೇಳಿದ.

ದಾರ ಮುಗಿಯಿತು.

“ಮುಂದೆ?” ಎಂದಳು, ತುದಿಯನ್ನು ಕೈಯಲ್ಲೇ ಹಿಡಿದು.

‘ಸುಳ್ಳು’ ಅನ್ನುವ ಮಾತು ಲಮೀನನ ನಾಲಿಗೆ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ.

“ನನ್ನ ಕೈಲಿ ಇಷ್ಟೇ ಆಯಿತು, ಅಮ್ಮ. ಮಿಕ್ಕ ನಲವತ್ತು ಹೆಜ್ಜೆ ಅವಳು ಎಲ್ಲಿಂದ ತಂದಳೋ ನನಗೆ ಗೊತ್ತಿಲ್ಲ.”

ಅಲ್ಲಿಗೆ ಜಗಳ ಹತ್ತಿಕೊಂಡಿತು. ಆಗಿನ ಎತ್ತುಗಳು ಇನ್ನೂ ದೊಡ್ಡವು ಎಂದ ದೊಡ್ಡ ಮಗ. ಬಾಲ ಸೇರಿಸಿಲ್ಲ ಎಂದ ಚಿಕ್ಕವನು. ನೆನೆಸಿ ಎಳೆದರೆ ಚರ್ಮ ಹಿಗ್ಗುತ್ತದೆ, ಅಷ್ಟೂ ಗೊತ್ತಿಲ್ಲವಾ ಎಂದಳು ಸೊಸೆ.

“ಅದೆಲ್ಲ ಅಲ್ಲ. ನೀನು ದಪ್ಪ ಕತ್ತರಿಸಿದ್ದೀಯ,” ಎಂದಳು ಮಬ್ರೂಕಾ.

“ದಪ್ಪ? ನಾನು? ಇಪ್ಪತ್ತು ವರ್ಷ ಜೀನು ಹೊಲಿದ ಕೈ ಇದು!”

“ಕುದುರೆಗೆ ಸರಿಯಪ್ಪ. ರಾಣಿಗೆ ದಪ್ಪ.”

ಹೊತ್ತು ಇಳಿಯುವ ತನಕ ಅವರು ಕದಲಲಿಲ್ಲ. ಹೊರಡುವಾಗ ಮಬ್ರೂಕಾ ಗುರುಗಳಿಗೆ ಹೇಳಿದಳು: “ಮುಂದಿನ ವಾರ ನನ್ನ ತಂಗಿ ಮನೆಯವರು ಬರ್ತಾರೆ. ಈ ದಾರದವನೇ ಬೇಕು.”

ಅವರು ಇಳಿದುಹೋದರು. ಲಮೀನ್ ತಲೆ ತಗ್ಗಿಸಿ ನಿಂತ.

“ಚರ್ಮ ಹಾಳು ಮಾಡಿದೆ. ಬೈದುಬಿಡಿ, ಸೀದಿ.”

“ನಿಧಾನವಾಗಿ ಬೈತೀನಿ. ಅವಳ ತಂಗಿ ಬಂದಾಗ ನೀನೊಬ್ಬನೇ ಹೋಗು.”

‘ಹೋಗು’ ಬಂದಿತ್ತು. ಬೇರೆಯವರಾಗಿದ್ದರೆ ಗುರುಗಳ ಕೈಗೆ ಮುತ್ತಿಟ್ಟು ಹೆಂಡತಿಗೆ ಹೇಳಲು ಓಡುತ್ತಿದ್ದರು. ಇವನು ಸ್ವಲ್ಪ ದೂರ ಓಡಿ, ನಿಂತು, ತಿರುಗಿ ಬಂದ.

“ಆದರೂ ಸೀದಿ, ನಮ್ಮಿಬ್ಬರಲ್ಲೇ ಇರಲಿ. ಕಡಿಮೆ ಅಂದರೆ ಕಡಿಮೆಯೇ ಅಲ್ಲವಾ? ಸುತ್ತು ಕೂಡಲಿಲ್ಲವಲ್ಲ.”

ಗುರುಗಳು ದಾರ ಮುಗಿದ ಆ ಸಂದಿನಲ್ಲೇ, ಬರೀ ನೆಲದ ಮೇಲೆ, ಕಾಲು ಚಾಚಿ ಕೂತಿದ್ದರು.

“ಕೂಡಿಬಿಟ್ಟಿದ್ದರೆ, ಆ ಹೆಂಗಸು ಯಾವ ಕಡೆಯಿಂದ ಒಳಗೆ ಬರುತ್ತಿದ್ದಳೋ?”