ಮರದಿಂದ ಇಳಿದ ಕರಡು

"ಓದು ಬರಹ ನಿನ್ನಿಂದಾಗುವ ಕೆಲಸವಲ್ಲ ಅಜ್ಜಿ" ಎಂದು ಆಮೆಗೆ ಹೇಳಿದವನು ಕಾಡಿನ ಪುರಸಭೆಯ ಗುಮಾಸ್ತ, ಮುಸುವ ಕೋತಿ. ಹೊಸ ಕಾನೂನುಗಳ ಕರಡನ್ನು ಅವನು ಆಲದ ಮರದ ತುದಿಗೆ ಅಂಟಿಸುತ್ತಿದ್ದ. ಆಕ್ಷೇಪಣೆಯ ಗಡುವು ಮುಗಿದ ಮೇಲೆ ಅದು ಒಣಗಿ ಉದುರುತ್ತಿತ್ತು. ಹಾಗೆ ಉದುರಿದ ಹಾಳೆಗಳಲ್ಲೇ ಆಮೆ ಹಟ ಹಿಡಿದು ಓದು ಕಲಿತಳು. ಕಲಿತವಳೇ ಸಭೆಗೆ ಹೋಗಿ, "ಕರಡನ್ನು ಎಲ್ಲರಿಗೂ ಇ-ಮೇಲ್ ಮಾಡಿ" ಎಂದಳು.

"ಬೆರಳೇ ನೆಟ್ಟಗಿಲ್ಲದವಳಿಗೆ ಇ-ಮೇಲ್ ಬೇಕಂತೆ!" ಮುಸುವ ಹಲ್ಲು ಕಿಸಿದ.

"ಮೂಗಿದೆಯಲ್ಲ" ಎಂದಳು ಆಮೆ. ಅಧ್ಯಕ್ಷೆ ಆನೆ ನಕ್ಕು ಒಪ್ಪಿದಳು.

ಮೊದಲು ಬಂದ ಕರಡೇ ಆಮೆಯ ಕೆರೆಯನ್ನು ಮುಚ್ಚಿ ಸಂತೆಕಟ್ಟೆ ಕಟ್ಟುವ ಕುರಿತಾಗಿತ್ತು. ಅವಳು ಅಂದೇ ಓದಿ, ಮೂಗಿನಿಂದ ಒಂದೊಂದೇ ಅಕ್ಷರ ಒತ್ತಿ ಆಕ್ಷೇಪಣೆ ಕಳಿಸಿದಳು. ಕಪ್ಪೆಗಳೂ ಬಾತುಗಳೂ ಕಳಿಸಿದವು. ಸಭೆ ಕರಡನ್ನು ಕೈಬಿಟ್ಟಿತು.

"ಗಡುವಿಗೆ ಮೊದಲೇ ಅದು ಹೇಗೆ ಬಂದೆ ಅಜ್ಜಿ?" ಮುಸುವ ಕೇಳಿದ.

"ನಾನೆಲ್ಲಿ ಬಂದೆ ಮಗನೇ? ನಿನ್ನ ಕರಡೇ ಮರದಿಂದಿಳಿದು ನನ್ನ ಬಳಿ ಬಂತು."

ಇಂದು ಅವಳಿಗೆ ಕೆರೆಯಿದೆ, ಬಿಸಿಲು ಕಾಯುವ ಬಂಡೆಯಿದೆ, ಸ್ವಂತದ್ದೊಂದು ಇ-ಮೇಲ್ ವಿಳಾಸವಿದೆ. ಅದಕ್ಕೆ ತೆತ್ತದ್ದು ಮೂಗಿನ ತುದಿಯ ಒಂದಿಷ್ಟು ಚರ್ಮ.