ನೆಲನೀಲಿಯ ಸೋಮಾರಿ ಬೀಜ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಬೀಜಗಳಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. ಮೊದಲ ಮಳೆ ಹನಿ ಬಿತ್ತೋ, ಎಲ್ಲವೂ ಒಟ್ಟಿಗೇ ಎದ್ದು ಮೊಳಕೆ ಒಡೆಯುತ್ತಿದ್ದವು.

ಆಗ ಒಂದು ಹುಲ್ಲುಗಾವಲಿನಲ್ಲಿ ಹಾಲವ್ವ ಕುರಿ ಕಾಯುತ್ತಿದ್ದಳು. ಹಗಲೆಲ್ಲ ಮೇಯಿಸುವುದು, ಸಂಜೆ ಮಂದೆ ಕೂಡಿಹಾಕುವುದು, ನಾಲ್ಕು ದಿನಕ್ಕೊಮ್ಮೆ ಮಂದೆಯ ಜಾಗ ಬದಲಿಸುವುದು, ಇದೇ ಅವಳ ಬದುಕು. ಬಯಲಿನ ನಡುವೆ ಒಂದು ಬಡಕಲು ದಿಬ್ಬವಿತ್ತು. ಗರಸು ಮಣ್ಣು, ಗೇಣುದ್ದದ ಹುಲ್ಲು, ಅದರ ನಡುವೆ ನೆಲನೀಲಿ ಎಂಬ ಪುಟ್ಟ ಹೂವು. ನೆಲನೀಲಿ ಮೇಯ್ದರೆ ಕುರಿಗಳ ಕೆಚ್ಚಲು ತುಂಬುತ್ತಿತ್ತು. ಚುಕ್ಕಿ ಎಂಬ ಕುರಿಗಂತೂ ಅದಿಲ್ಲದೆ ಹಾಲೇ ಇಳಿಯುತ್ತಿರಲಿಲ್ಲ.

ದಿಬ್ಬವನ್ನು ಕಂಡರೆ ಹಾಲವ್ವನ ಕರುಳು ಚುರ್ ಅನ್ನುತ್ತಿತ್ತು. "ಎಷ್ಟು ಸೊರಗಿದೀಯೇ ನನ್ನವ್ವಾ! ತಡಿ, ಹೊಟ್ಟೆ ತುಂಬಿಸ್ತೀನಿ" ಅಂದಳು. ನಾಲ್ಕು ದಿನ ನಿಲ್ಲಬೇಕಾದ ಮಂದೆಯನ್ನು ಇಡೀ ಬೇಸಿಗೆ ಅಲ್ಲೇ ನಿಲ್ಲಿಸಿದಳು. ಹಿಕ್ಕೆಯ ಮೇಲೆ ಹಿಕ್ಕೆ ಬಿದ್ದು ನೆಲ ಕಪ್ಪಾಯಿತು. ಹಾಲವ್ವನ ಪ್ರೀತಿಗೆ ಅಳತೆ ಇರಲಿಲ್ಲ, ಅಲ್ಲೇ ಎಡವಟ್ಟಾಯಿತು.

ಮಳೆ ಬಂತು. ಬೀಜಗಳೆಲ್ಲ ಎದ್ದವು. ಗೊಬ್ಬರ ಉಂಡ ಒರಟು ಕರಡದ ಹುಲ್ಲು ಸೊಂಟದುದ್ದ ಬೆಳೆಯಿತು, ತಲೆಯುದ್ದ ಬೆಳೆಯಿತು, ದಿಬ್ಬವನ್ನೇ ಮುಚ್ಚಿತು.

"ನೋಡೋ ಗಾಳಿ, ಹೆಂಗೆ ಮಾಡ್ದೆ!" ಎಂದು ಹಾಲವ್ವ ಹಿಗ್ಗಿದಳು.

"ಕೆಳಗೆ ಬಗ್ಗಿ ನೋಡು" ಅಂದಿತು ಗಾಳಿ.

ಕೆಳಗೆ ಕತ್ತಲೆ. ನೆಲನೀಲಿಯ ಸಸಿಗಳು ಬಿಸಿಲು, ಬಿಸಿಲು ಎನ್ನುತ್ತಲೇ ಬಾಡಿದ್ದವು. ಹೂ ಬಿಡಲಿಲ್ಲ, ಬೀಜ ಕಟ್ಟಲಿಲ್ಲ. ಮರುವರ್ಷ ಮಳೆ ಕರೆದಾಗ ಏಳಲು ಯಾರೂ ಇರಲಿಲ್ಲ. ಚುಕ್ಕಿ ಮರಿ ಹಾಕಿತು, ಹಾಲು ಇಳಿಯಲಿಲ್ಲ. ಮರಿ ಚೀಪಿ ಚೀಪಿ ಅತ್ತಿತು.

ಹಾಲವ್ವ ನೆಲಕ್ಕೆ ಕಿವಿಯಿಟ್ಟಳು. "ಯಾಕಿಂಗಾಯ್ತು ನೆಲದವ್ವಾ?"

"ಹಸಿವೈತಾ ಅಂತ ಒಂದ್ಮಾತು ಕೇಳಿದ್ಯೇನೆ?" ಅಂದಿತು ನೆಲ. "ನಾನು ಬಡವಿ ಅಂತಲೇ ಸಣ್ಣ ಮಕ್ಳು ನನ್ನ ಮಡ್ಲಾಗೆ ಬದುಕಿದ್ವು. ನೀನು ತುರುಕಿದ್ದೆಲ್ಲ ದೊಡ್ಡೋರ ಹೊಟ್ಟೆಗೆ ಹೋತು."

"ಒಂದೂ ಉಳಿದಿಲ್ವಾ?"

"ಒಂದೈತೆ. ಬಿರುಕಿನಾಗೆ ಮಲಗಿರೋ ಸೋಮಾರಿ ಬೀಜ. ಮಳೆ ಕರೆದ್ರೂ ಏಳ್ಲಿಲ್ಲ. ಬಿಸಿಲು ತಾಗಿದ್ರೆ ಎದ್ದೀತು. ಕರಡ ಕೊಯ್ದು ದೂರ ಒಯ್ಯಿ, ಇಲ್ಲೇ ಕೊಳೆತು ಮತ್ತೆ ಗೊಬ್ಬರ ಆಗಾಕೆ ಬಿಡಬ್ಯಾಡ. ಒಂದು ವರ್ಷಕ್ಕೆ ಆಗೋ ಕೆಲ್ಸ ಅಲ್ಲ."

ಹಾಲವ್ವ ಮಂದೆಯನ್ನು ಬೇರೆಡೆ ಸಾಗಿಸಿದಳು. ಕೊಯ್ದಳು, ಹೊತ್ತಳು, ದೂರದ ಗುಡಿಸಲುಗಳಿಗೆ ಹೊದಿಸಿದಳು. ವರ್ಷವರ್ಷವೂ ಹುಟ್ಟಿದ ಚುಕ್ಕಿಯ ಮರಿಗಳಿಗೆ ಬೇರೆ ಕುರಿಗಳ ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಿದಳು. ಕರಡ ಮೊದಲ ವರ್ಷ ಎದೆಯುದ್ದಕ್ಕೆ ಇಳಿಯಿತು, ಮರುವರ್ಷ ಮೊಣಕಾಲಿಗೆ. ಮೂರನೆಯ ವರ್ಷ ದಿಬ್ಬದ ಮೇಲೆ ಬಿಸಿಲು ಬಿತ್ತು. ಬಿರುಕಿನಿಂದ ಒಂದೇ ಒಂದು ನೀಲಿ ಹೂವು ಕಣ್ಣು ಬಿಟ್ಟಿತು.

ವಾಸನೆ ಹಿಡಿದು ಚುಕ್ಕಿ ಓಡಿ ಬಂತು. ಹಿಂದೆ ಆ ವರ್ಷದ ಹಸಿದ ಮರಿ. ಚುಕ್ಕಿ ಬಾಯಿ ಹಾಕುವಷ್ಟರಲ್ಲಿ ಹಾಲವ್ವ ಅದರ ಕುತ್ತಿಗೆ ತಬ್ಬಿಕೊಂಡಳು.

"ಬ್ಯಾಡ ಮಗಳೇ. ತಿಂದ್ರೆ ಇವತ್ತೊಂದಿನ ಹಾಲು. ತಡ್ಕಂಡ್ರೆ ನಿನ್ನ ಮೊಮ್ಮಕ್ಳಿಗೂ ಹಾಲು."

ಚುಕ್ಕಿ ಅರಚಿತು. ಮರಿ ಅತ್ತಿತು. ಹಾಲವ್ವನೂ ಅತ್ತಳು, ಆದರೆ ಹಿಡಿತ ಬಿಡಲಿಲ್ಲ. ಬೀಜ ಕಟ್ಟುವವರೆಗೂ ಹೂವಿನ ಪಕ್ಕದಲ್ಲೇ ಕಂಬಳಿ ಹಾಸಿ ಕೂತಳು.

ಕಾಯಿ ಒಣಗಿತು. ಸೋಮಾರಿ ಬೀಜದ ಗಿಡ ತನ್ನ ಮಕ್ಕಳಿಗೆ ಹೇಳಿತು: "ನಾನು ಎದ್ದಾಗ ನಮ್ಮೋರು ಯಾರೂ ಇರ್ಲಿಲ್ಲ. ಎಲ್ಲಾರೂ ಒಂದೇ ಮಳೆಗೆ ಎದ್ದು ಒಟ್ಟಿಗೇ ಬಾಡಿದ್ರು. ಇನ್ಮ್ಯಾಲೆ ಎಲ್ಲಾರೂ ಒಂದೇ ಮಳೆಗೆ ಏಳಬ್ಯಾಡ್ರಿ. ಅರ್ಧ ಜನ ಏಳ್ರಿ, ಅರ್ಧ ಜನ ಮಲಗ್ರಿ."

ಆ ಮಾತನ್ನು ಗಾಳಿ ಬಯಲಿನ ಬೀಜಗಳಿಗೆಲ್ಲ ಮುಟ್ಟಿಸಿತು. ಮುಂದಿನ ಮಳೆಗೆ ಅರ್ಧ ಎದ್ದವು. ವರ್ಷ ಕಳೆದಂತೆ ದಿಬ್ಬ ನೀಲಿಯಾಯಿತು. ಚುಕ್ಕಿ ಹೊಟ್ಟೆ ತುಂಬ ಮೇಯ್ದಿತು, ಅದರ ಮರಿಯ ಮೂತಿ ಹಾಲಿನಲ್ಲಿ ಬೆಳ್ಳಗಾಯಿತು.

ಅದಕ್ಕೇ ಮಗು, ಇವತ್ತಿಗೂ ಕುರಿಮಂದೆ ಒಂದೇ ಕಡೆ ಬಹಳ ದಿನ ನಿಲ್ಲುವುದಿಲ್ಲ. ಮಳೆ ಬಿದ್ದ ಮೇಲೆ ಬಡಕಲು ದಿಬ್ಬದಲ್ಲಿ, ಹೋದ ವರ್ಷ ಏನೂ ಇಲ್ಲದಿದ್ದ ಕಡೆ ಒಂದು ನೀಲಿ ಹೂವು ಕಂಡರೆ, ಅದು ಈಗ ತಾನೇ ನಿದ್ದೆ ತಿಳಿದು ಎದ್ದ ಬೀಜ.